ಎಡಿಎಚ್‌ಡಿ ಉಳ್ಳವರಲ್ಲಿ ಖಿನ್ನತೆಯ ಮಾತ್ರೆ, ನಿದ್ರೆ ಮತ್ತು ದಿನಚರಿಯ ನಿರ್ವಹಣೆ: ಅಧ್ಯಯನ ಪಾಠ

(ಸಮುದಾಯ ಆರೋಗ್ಯ ಅಧಿಕಾರಿಗಳು, ಆಶಾ ಕಾರ್ಯಕರ್ತೆಯರು ಹಾಗೂ ಆರೈಕೆ ಮಾಡುವ ಕುಟುಂಬದವರ ಉಪಯೋಗಕ್ಕಾಗಿ. ಮಾಸಿಕ ಸಭೆಯಲ್ಲಿ ಓದಿ ಚರ್ಚಿಸುವುದು.)

1. ಪೀಠಿಕೆ

ಮನೆ ಭೇಟಿಯ ವೇಳೆ ಎದುರಾಗಬಹುದಾದ ಒಂದು ಸನ್ನಿವೇಶವನ್ನು ಉದಾಹರಣೆಯಾಗಿ ಪರಿಶೀಲಿಸೋಣ. 26 ವರ್ಷದ ಯುವಕನೊಬ್ಬನಿಗೆ ಬಾಲ್ಯದಿಂದಲೂ ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ಸಮಸ್ಯೆ, ಅಂದರೆ ಎಡಿಎಚ್‌ಡಿ ಇದೆ. ಇತ್ತೀಚೆಗೆ ಖಿನ್ನತೆಗೂ ಮಾತ್ರೆ ಆರಂಭವಾಗಿದೆ. ತಿಂಗಳಿಗೆಂದು ಕೊಟ್ಟ 30 ಮಾತ್ರೆಗಳಲ್ಲಿ 12 ಹಾಗೆಯೇ ಉಳಿದಿವೆ. ಮಾತ್ರೆ ನುಂಗುವಷ್ಟೂ ಜವಾಬ್ದಾರಿಯಿಲ್ಲವೆಂದು ತಂದೆ ಗದರುತ್ತಾರೆ. ನಾಚಿಕೆಗೊಂಡ ಮಗ, ಪ್ರತಿದಿನವೂ ಸೇವಿಸುತ್ತಿರುವುದಾಗಿ ವೈದ್ಯರಿಗೆ ತಿಳಿಸುತ್ತಾನೆ. ಮಾತ್ರೆ ಫಲಿಸಿಲ್ಲವೆಂದು ಭಾವಿಸಿ ವೈದ್ಯರು ಪ್ರಮಾಣ ಹೆಚ್ಚಿಸಬಹುದು, ಇಲ್ಲವೇ ಔಷಧವನ್ನೇ ಬದಲಿಸಬಹುದು. ಮರೆವಿಗಿಂತಲೂ ಮರೆವನ್ನು ಮುಚ್ಚಿಟ್ಟದ್ದರಿಂದ ಇಲ್ಲಿ ಹೆಚ್ಚಿನ ಹಾನಿಯಾಗುತ್ತದೆ.

ಮರೆಯುವುದು, ಸಮಯದ ಅಂದಾಜು ತಪ್ಪುವುದು ಮತ್ತು ಆರಂಭಿಸಿದ ಕೆಲಸ ಅರ್ಧಕ್ಕೆ ನಿಲ್ಲುವುದು ಎಡಿಎಚ್‌ಡಿಯ ಲಕ್ಷಣಗಳು, ಅವು ಸೋಮಾರಿತನವಲ್ಲ. ಆದುದರಿಂದ ನೆನಪಿನ ಶಕ್ತಿಯನ್ನೇ ನಂಬದೆ, ಮನೆಯ ವ್ಯವಸ್ಥೆಯೇ ನೆನಪಿಸುವಂತೆ ಏರ್ಪಾಡು ಮಾಡುವುದು ಈ ಪಾಠದ ಉದ್ದೇಶವಾಗಿದೆ.

2. ಮಾತ್ರೆಯ ಬಗ್ಗೆ ತಿಳಿದಿರಬೇಕಾದ ಅಂಶಗಳು

ಅ) ಖಿನ್ನತೆಯ ಮಾತ್ರೆ ತಕ್ಷಣ ಗುಣ ತೋರಿಸುವುದಿಲ್ಲ. ಸಾಮಾನ್ಯವಾಗಿ 2ರಿಂದ 4 ವಾರ, ಕೆಲವರಿಗೆ 6 ವಾರ ಬೇಕಾಗುತ್ತದೆ. ಹೊಟ್ಟೆ ತೊಳಸುವಿಕೆ, ತಲೆನೋವು ಮುಂತಾದ ತೊಂದರೆಗಳು ಅದಕ್ಕಿಂತ ಮೊದಲೇ ಕಾಣಿಸಬಹುದು. ಹಲವರಲ್ಲಿ ಅವು ಕೆಲವೇ ದಿನಗಳಲ್ಲಿ ತಗ್ಗುತ್ತವೆ.

ಆ) ಮನಸ್ಸು ಹಗುರವಾಯಿತೆಂದು ತಾವಾಗಿಯೇ ನಿಲ್ಲಿಸಬಾರದು. ಗುಣವಾದ ನಂತರವೂ ಕನಿಷ್ಠ 6 ತಿಂಗಳು ಮುಂದುವರಿಸುವಂತೆ ವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ. ಹಠಾತ್ತನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಮತ್ತು ನಿದ್ರಾಭಂಗ ಉಂಟಾಗಬಹುದು.

ಇ) ಒಂದು ದಿನ ತಪ್ಪಿದರೆ ಮರುದಿನ ಎರಡು ಮಾತ್ರೆ ಸೇವಿಸಬಾರದು.

ಈ) ಎಡಿಎಚ್‌ಡಿಗಾಗಿ ಬೇರೆ ಔಷಧವಿದ್ದಲ್ಲಿ ಎರಡೂ ಚೀಟಿಗಳನ್ನು ಒಬ್ಬರೇ ವೈದ್ಯರಿಗೆ ತೋರಿಸಬೇಕು. ಉದಾಹರಣೆಗೆ, ಫ್ಲೂಆಕ್ಸೆಟಿನ್ ಜೊತೆಯಲ್ಲಿದ್ದಾಗ ಅಟೊಮಾಕ್ಸೆಟಿನ್ ರಕ್ತದಲ್ಲಿ ಹೆಚ್ಚು ಶೇಖರವಾಗುವುದರಿಂದ ಪ್ರಮಾಣವನ್ನು ಮರುಪರಿಶೀಲಿಸಬೇಕಾಗುತ್ತದೆ. ನೋವಿನ ಮಾತ್ರೆಗಳನ್ನು ಕೇಳದೆ ಸೇರಿಸಬಾರದು, ಮದ್ಯಪಾನ ವರ್ಜಿಸಬೇಕು.

3. ಸೇವನೆಯ ಸಮಯ ಮತ್ತು ನಿದ್ರೆ

ಎಡಿಎಚ್‌ಡಿ ಉಳ್ಳ ಅನೇಕರಿಗೆ ರಾತ್ರಿ ತಡವಾಗಿ ನಿದ್ರೆ ಬರುತ್ತದೆ. ನಿದ್ರೆಗೆಟ್ಟ ಮರುದಿನ ಗಮನವೂ ಕೆಡುತ್ತದೆ, ಖಿನ್ನತೆಯೂ ಹೆಚ್ಚುತ್ತದೆ. ಫ್ಲೂಆಕ್ಸೆಟಿನ್ ಕೆಲವರ ನಿದ್ರೆಯನ್ನು ಕದಡುವುದರಿಂದ ಅದನ್ನು ಸಾಮಾನ್ಯವಾಗಿ ಬೆಳಿಗ್ಗೆ ಕೊಡಲಾಗುತ್ತದೆ. ಮಿರ್ಟಜಪಿನ್ ಮಂಪರು ತರುವುದರಿಂದ ಅದನ್ನು ರಾತ್ರಿ ಕೊಡಲಾಗುತ್ತದೆ. ಮೀಥೈಲ್‌ಫೆನಿಡೇಟ್ ಸಂಜೆ ತಡವಾಗಿ ಸೇವಿಸಿದರೆ ನಿದ್ರೆ ದೂರವಾಗಬಹುದು. ಆದ್ದರಿಂದ ನಿದ್ರೆ ಬಾರದಿದ್ದಲ್ಲಿ ಅಂಗಡಿಯಿಂದ ನಿದ್ರೆ ಮಾತ್ರೆ ತರುವ ಬದಲು, ಈಗಿರುವ ಮಾತ್ರೆಯ ಸಮಯ ಸರಿಯಿದೆಯೇ ಎಂದು ಮೊದಲು ವೈದ್ಯರಲ್ಲಿ ವಿಚಾರಿಸಬೇಕು.

ಮಲಗುವ ವೇಳೆಗಿಂತ ಏಳುವ ವೇಳೆಯನ್ನು ನಿಗದಿಪಡಿಸುವುದು ಸುಲಭ. ಪ್ರತಿದಿನವೂ, ರಜಾದಿನದಲ್ಲಿಯೂ, ಒಂದೇ ವೇಳೆಗೆ ಎದ್ದು ಬೆಳಗಿನ ಬಿಸಿಲಿನಲ್ಲಿ ಸ್ವಲ್ಪ ನಡೆಯುವುದು ಒಳ್ಳೆಯದು. ಮಧ್ಯಾಹ್ನದ ನಂತರ ಕಾಫಿ, ಚಹಾ ಬೇಡ. ರಾತ್ರಿ ಮೊಬೈಲನ್ನು ಹಾಸಿಗೆಯಿಂದ ದೂರವಿಡುವುದು.

4. ದಿನಚರಿಯ ಸರಳ ಏರ್ಪಾಡು

ಅ) ಹೇಗೂ ತಪ್ಪದ ಕೆಲಸಕ್ಕೆ ಮಾತ್ರೆಯನ್ನು ಜೋಡಿಸುವುದು. ಬೆಳಿಗ್ಗೆಯ ಮಾತ್ರೆಯನ್ನು ತಿಂಡಿಯ ತಟ್ಟೆಯ ಬಳಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ, ಕಣ್ಣಿಗೆ ಬೀಳುವಂತೆ ಇಡುವುದು.

ಆ) ವಾರದ 7 ಖಾನೆಗಳ ಡಬ್ಬಿಯನ್ನು ಪ್ರತಿ ಭಾನುವಾರ ತುಂಬಿಸುವುದು. “ಇವತ್ತು ನುಂಗಿದೆನೋ ಇಲ್ಲವೋ” ಎಂಬ ಸಂಶಯಕ್ಕೆ ಖಾಲಿ ಖಾನೆಯೇ ಉತ್ತರ. ಎರಡು ಬಾರಿ ನುಂಗುವ ಅಪಾಯವೂ ತಪ್ಪುತ್ತದೆ.

ಇ) ಒಮ್ಮೆಗೆ ಒಂದೇ ಹೊಸ ಅಭ್ಯಾಸ ಆರಂಭಿಸುವುದು. ನಡುವೆ ತಪ್ಪಿದರೆ ಮರುದಿನ ಮುಂದುವರಿಸುವುದು.

5. ತುರ್ತು ಸೂಚನೆ

25 ವರ್ಷದೊಳಗಿನವರಲ್ಲಿ ಮಾತ್ರೆ ಆರಂಭಿಸಿದ ಅಥವಾ ಪ್ರಮಾಣ ಬದಲಿಸಿದ ಮೊದಲ ವಾರಗಳಲ್ಲಿ ಹೆಚ್ಚಿನ ನಿಗಾ ಅವಶ್ಯ. ಯಾವುದೇ ವಯಸ್ಸಿನವರು ಸಾಯುವ ಮಾತನ್ನಾಡಿದಲ್ಲಿ ಅಥವಾ ತೀವ್ರ ಚಡಪಡಿಕೆ ತೋರಿದಲ್ಲಿ ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರನ್ನು ಕಾಣಬೇಕು. ನಿದ್ರೆಯೇ ಇಲ್ಲದಿದ್ದರೂ ಆಯಾಸವಿಲ್ಲದೆ ಅತಿಯಾದ ಉತ್ಸಾಹ ತೋರಿದಲ್ಲಿಯೂ ತಡಮಾಡಬಾರದು. ಟೆಲಿ ಮನಸ್ ಉಚಿತ ಸಹಾಯವಾಣಿ 14416 ದಿನದ 24 ಗಂಟೆಯೂ ಲಭ್ಯವಿದೆ. ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡುವುದು.

6. ಚರ್ಚೆಗೆ

ಪೀಠಿಕೆಯ ಯುವಕನ ಮನೆಗೆ ತಾವು ಭೇಟಿ ನೀಡಿದ್ದೀರಿ. “ಯಾಕೆ ನುಂಗಲಿಲ್ಲ?” ಎನ್ನುವುದಕ್ಕೂ “ಎಷ್ಟು ಉಳಿದಿವೆ, ಒಟ್ಟಿಗೆ ಎಣಿಸೋಣವೇ?” ಎನ್ನುವುದಕ್ಕೂ ಅವನಿಂದ ಯಾವ ಯಾವ ಉತ್ತರ ಬರಬಹುದು? ಎಣಿಸಿದ ಸಂಖ್ಯೆಯನ್ನು ಅವನ ಒಪ್ಪಿಗೆ ಪಡೆದು ಚೀಟಿಯ ಹಿಂಬದಿಯಲ್ಲಿ ಬರೆದುಕೊಡುವುದು. ಮುಂದಿನ ಭೇಟಿಯಲ್ಲಿ ವೈದ್ಯರು ನಿಜಸ್ಥಿತಿಯನ್ನು ತಿಳಿದು ಚಿಕಿತ್ಸೆ ನೀಡಲು ಆ ಒಂದು ಸಂಖ್ಯೆ ನೆರವಾಗುತ್ತದೆ.