ಸೇತುವೆಯ ಹಣ, ಸೇತುವೆಯ ನೆಲ: ಶಿವನಸಮುದ್ರ ಮತ್ತು ಶರಾವತಿ ಹಿನ್ನೀರಿನ ಎರಡು ನಿದರ್ಶನಗಳು

ಸೇತುವೆಗಳ ಚರಿತ್ರೆಯಲ್ಲಿ ಸಾಮಾನ್ಯವಾಗಿ ಮೂರು ಸಂಗತಿಗಳು ದಾಖಲಾಗುತ್ತವೆ: ಕಟ್ಟಿಸಿದವರ ಹೆಸರು, ಕಟ್ಟಿದ ಕಾಲ ಮತ್ತು ಕಟ್ಟಡದ ಅಳತೆ. ಅದಕ್ಕೆ ಹಣ ಎಲ್ಲಿಂದ ಬಂದಿತು, ಅದರ ಹೆಸರಿನಲ್ಲಿ ಯಾವ ನೆಲ ಯಾರಿಂದ ಯಾರಿಗೆ ಹೋಯಿತು ಎಂಬ ಪ್ರಶ್ನೆಗಳು ಕಂದಾಯ ಇಲಾಖೆಯ ಕಡತಗಳಿಗೆ ಸೇರಿದವು ಎಂದು ಭಾವಿಸಿ ಸಂಸ್ಕೃತಿ ಅಧ್ಯಯನಕಾರರು ಅವುಗಳನ್ನು ಬದಿಗಿಟ್ಟಿರುವುದೇ ಹೆಚ್ಚು. ಆದರೆ ಸೇತುವೆಯೊಂದು ಎರಡು ದಡಗಳನ್ನು ಜೋಡಿಸುವಂತೆಯೇ ಪ್ರಭುತ್ವ ಮತ್ತು ಪ್ರಜೆಗಳ ನಡುವಣ ಸಂಬಂಧವನ್ನೂ ಹೊರಗೆಡಹುತ್ತದೆ. ಕಾವೇರಿಯ ಶಿವನಸಮುದ್ರದ ಸೇತುವೆಗಳು ಮತ್ತು ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ, ಈ ಎರಡು ನಿದರ್ಶನಗಳ ಮೂಲಕ ಆ ಸಂಬಂಧದ ಬದಲಾದ ಸ್ವರೂಪವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪದ ಮತ್ತು ಪರಂಪರೆ

‘ಸೇತು’ ಎಂಬ ಸಂಸ್ಕೃತ ಪದಕ್ಕೆ ದಾಟಲು ಕಟ್ಟಿದ ರಚನೆ ಎಂಬ ಅರ್ಥ ಮಾತ್ರವಲ್ಲದೆ ನೀರನ್ನು ತಡೆಯುವ ಒಡ್ಡು ಎಂಬ ಅರ್ಥವೂ ಇದೆ. ಅರ್ಥಶಾಸ್ತ್ರದಲ್ಲಿ ಬರುವ ‘ಸೇತು’ ಮುಖ್ಯವಾಗಿ ನೀರಾವರಿಯ ಕಟ್ಟೆಯನ್ನು ಸೂಚಿಸುತ್ತದೆ. ಕನ್ನಡದಲ್ಲಿ ಈ ಎರಡು ಅರ್ಥಗಳು ಕಾಲಕ್ರಮೇಣ ಬೇರೆಯಾದವು. ತಡೆಯುವುದು ‘ಕಟ್ಟೆ’, ‘ಒಡ್ಡು’, ‘ಅಣೆ’ಗಳಾದರೆ ದಾಟಿಸುವುದು ‘ಸೇತುವೆ’ಯಾಯಿತು. ಮಲೆನಾಡಿನಲ್ಲಿ ಹಳ್ಳ ದಾಟಲು ಮರದ ದಿಮ್ಮಿಗಳನ್ನಿಟ್ಟು ಮಾಡಿಕೊಳ್ಳುವ ‘ಸಂಕ’ ಊರಿನವರೇ ಸೇರಿ ಕಟ್ಟಿಕೊಳ್ಳುವಂಥದು. ಅದಕ್ಕೆ ಖಜಾನೆಯ ಹಣವಾಗಲೀ ಸರ್ಕಾರದ ಅಧಿಸೂಚನೆಯಾಗಲೀ ಬೇಕಿರಲಿಲ್ಲ.

ಲೋಕೋಪಯೋಗಿ ಕೆಲಸವನ್ನು ಭೂಮಿಯ ಮೂಲಕ ಪೋಷಿಸುವ ಪದ್ಧತಿ ಕರ್ನಾಟಕಕ್ಕೆ ಹೊಸದಲ್ಲ. ಕೆರೆಯನ್ನು ಕಟ್ಟಿದವರಿಗೆ ಅಥವಾ ಜೀರ್ಣೋದ್ಧಾರ ಮಾಡಿದವರಿಗೆ ಭೂಮಿಯನ್ನು ಬಿಟ್ಟುಕೊಡುವ ‘ಕಟ್ಟುಗೊಡಗೆ’ಯ ಉಲ್ಲೇಖಗಳು ಕನ್ನಡ ಶಾಸನಗಳಲ್ಲಿ ಸಾಕಷ್ಟು ದೊರೆಯುತ್ತವೆ. ಇಲ್ಲಿ ಎರಡು ಅಂಶಗಳು ಗಮನಾರ್ಹ. ಒಂದು, ಪ್ರಭುತ್ವವು ನಗದು ಹಣವನ್ನು ಕೊಡುವುದಿಲ್ಲ. ಮುಂದೆ ಬರಬೇಕಾದ ಹುಟ್ಟುವಳಿಯ ಪಾಲನ್ನು ಬಿಟ್ಟುಕೊಡುತ್ತದೆ. ಎರಡು, ಕಟ್ಟಿದವನು ಮತ್ತು ಭೂಮಿ ಪಡೆದವನು ಒಬ್ಬನೇ ಆಗಿರುತ್ತಾನೆ. ಶಿವನಸಮುದ್ರದ ಸೇತುವೆಗಳ ಆರ್ಥಿಕ ಹಿನ್ನೆಲೆಯನ್ನು ಅರಿಯಲು ಈ ಪರಂಪರೆಯ ನೆನಪು ಅವಶ್ಯಕ.

2. ಶ್ರೀರಂಗಪಟ್ಟಣದ ಮಾದರಿ

ಶಿವನಸಮುದ್ರಕ್ಕೆ ಹೋಗುವ ಮುನ್ನ ಅದೇ ನದಿಯ ಮೇಲಿನ ಮತ್ತೊಂದು ಸೇತುವೆಯನ್ನು ಸ್ಮರಿಸಬೇಕು. ಟಿಪ್ಪುವಿನ ಪತನಾನಂತರ, ಬಾಲಕನಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ರಾಜ್ಯಭಾರ ನಡೆಸುತ್ತಿದ್ದ ದಿವಾನ್ ಪೂರ್ಣಯ್ಯನು 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲಿನ ಸೇತುವೆಯನ್ನು ಪೂರ್ಣಗೊಳಿಸಿದನು. ನದಿಯ ತಳದ ಬಂಡೆಯಲ್ಲಿ ಕಲ್ಲುಕಂಬಗಳನ್ನು ನೆಟ್ಟು ಅವುಗಳ ಮೇಲೆ ಕಲ್ಲಿನ ತೊಲೆಗಳನ್ನು ಹೊದಿಸಿದ ಈ ರಚನೆ ದೇಶೀಯ ಕುಶಲಕರ್ಮಿಗಳ ಕೈಕೆಲಸ. ಆದರೆ ಅದಕ್ಕೆ ಇಟ್ಟ ಹೆಸರು ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯದು. ವೆಚ್ಚ ಮೈಸೂರು ಸರ್ಕಾರದ್ದು, ಶ್ರಮ ಸ್ಥಳೀಯರದು, ಕೀರ್ತಿ ಕಂಪನಿ ಸರ್ಕಾರದ ಪ್ರತಿನಿಧಿಯದು ಎಂಬ ಹಂಚಿಕೆ ಇಲ್ಲಿ ಸ್ಪಷ್ಟವಾಗಿದೆ. 1807ರಲ್ಲಿ ಪೂರ್ಣಯ್ಯನಿಗೆ ಯಳಂದೂರು ವಂಶಪಾರಂಪರ್ಯ ಜಹಗೀರಾಗಿ ದೊರೆಯಿತು. ಅದು ಈ ಸೇತುವೆಗಾಗಿ ಕೊಟ್ಟದ್ದಲ್ಲ. ಒಟ್ಟು ಆಡಳಿತ ಸೇವೆಗೆ ಸಂದ ಗೌರವ. ಆದರೂ ಸೇವೆಯನ್ನು ಭೂಮಿಯಲ್ಲಿ ಅಳೆಯುವ ಕ್ರಮ ಆಗಲೂ ಜೀವಂತವಾಗಿತ್ತೆಂಬುದಕ್ಕೆ ಅದು ಸಾಕ್ಷಿ.

3. ಶಿವನಸಮುದ್ರ: ಸೇತುವೆ ಕಟ್ಟಿದವನಿಗೆ ಭೂಮಿ

ಕಾವೇರಿಯು ಇಬ್ಭಾಗವಾಗಿ ಹರಿದು ಗಗನಚುಕ್ಕಿ, ಭರಚುಕ್ಕಿ ಜಲಪಾತಗಳನ್ನು ನಿರ್ಮಿಸುವ ಸ್ಥಳದಲ್ಲಿ ಶಿವನಸಮುದ್ರ ದ್ವೀಪವಿದೆ. ಗಂಗರಾಜನೆಂಬ ಅರಸನ ಪಟ್ಟಣ ಇಲ್ಲಿತ್ತು ಎಂಬ ಐತಿಹ್ಯವನ್ನು ಗ್ಯಾಸೆಟಿಯರುಗಳು ವಿವರವಾಗಿ ದಾಖಲಿಸಿವೆ. ಆ ಪಟ್ಟಣ ಪಾಳುಬಿದ್ದ ಮೇಲೆ ಹಳೆಯ ಸೇತುವೆಗಳೂ ಶಿಥಿಲವಾದವು. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಶ್ರೀರಂಗಪಟ್ಟಣದತ್ತ ಬರುತ್ತಿದ್ದಾಗ ಟಿಪ್ಪು ಸುತ್ತಣ ಸೀಮೆಯನ್ನು ಬರಿದುಮಾಡಿ ಜನರನ್ನೂ ದನಕರುಗಳನ್ನೂ ಈ ದ್ವೀಪಕ್ಕೆ ಸಾಗಿಸಿದನೆಂದು ತಿಳಿದುಬರುತ್ತದೆ. ಸುಲಭವಾಗಿ ದಾಟಲಾಗದ ಸ್ಥಳವೇ ಅಂದು ರಕ್ಷಣೆಯ ಸ್ಥಳವಾಗಿತ್ತು. ಯುದ್ಧದ ಕಾಲ ಮುಗಿದ ಮೇಲೆ ಅದೇ ದುರ್ಗಮತೆ ಕೊರತೆಯಾಗಿ ಕಾಣತೊಡಗಿತು.

19ನೆಯ ಶತಮಾನದ ಪೂರ್ವಾರ್ಧದಲ್ಲಿ ಮೈಸೂರಿನ ಬ್ರಿಟಿಷ್ ರೆಸಿಡೆಂಟನ ನಂಬಿಕೆಯ ನೌಕರನಾಗಿದ್ದ ರಾಮಸ್ವಾಮಿ ಮುದಲಿಯಾರನು ಕಾಡು ಕಡಿಸಿ, ದೇವಾಲಯಗಳನ್ನು ದುರಸ್ತಿಗೊಳಿಸಿ, ನದಿಯ ಕವಲುಗಳಿಗೆ ಕಲ್ಲುಕಂಬದ ಸೇತುವೆಗಳನ್ನು ಮಾಡಿಸಿದನು. ಒಂದಕ್ಕೆ ವೆಲ್ಲೆಸ್ಲಿಯ ಹೆಸರನ್ನೂ ಮತ್ತೊಂದಕ್ಕೆ 1827ರಿಂದ 1832ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಲಷಿಂಗ್ಟನ್ನನ ಹೆಸರನ್ನೂ ಇಡಲಾಯಿತು. ಈ ಕಾರ್ಯಕ್ಕಾಗಿ ಅವನಿಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದೂ ಜಹಗೀರಾಗಿ ಗ್ರಾಮಗಳೂ ದೊರೆತವು. ಅಂದು ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಎದುರು ದಡದ ಮಳವಳ್ಳಿ ಸೀಮೆ ಮೈಸೂರು ಸಂಸ್ಥಾನದ್ದಾಗಿತ್ತು. ಎರಡು ಆಡಳಿತಗಳ ಗಡಿಯಲ್ಲಿದ್ದ ನದಿಯನ್ನು ಒಬ್ಬ ಖಾಸಗಿ ವ್ಯಕ್ತಿ ದಾಟಿಸಿದನೆಂಬುದು ಇಲ್ಲಿಯ ವಿಶೇಷ.

ಈ ವ್ಯವಹಾರವನ್ನು ದಾನವೆಂದು ಕರೆಯುವುದು ವಾಡಿಕೆ. ಆದರೆ ಅದರ ಆರ್ಥಿಕ ಸ್ವರೂಪವನ್ನು ಸೂಕ್ಷ್ಮವಾಗಿ ನೋಡಬೇಕು. ಜಹಗೀರಾಗಿ ಕೊಟ್ಟದ್ದು ಬಹುಮಟ್ಟಿಗೆ ಗ್ರಾಮದ ಕಂದಾಯದ ಹಕ್ಕು. ರೈತನು ಹಿಂದಿನಂತೆಯೇ ಉಳುತ್ತಿದ್ದನು. ಅವನು ಕೊಡುವ ಕಂದಾಯ ಸರ್ಕಾರದ ಖಜಾನೆಗೆ ಬದಲಾಗಿ ಜಹಗೀರುದಾರನಿಗೆ ಸಲ್ಲುತ್ತಿತ್ತು. ಅಂದರೆ ಸೇತುವೆಗೆ ಮೊದಲು ಹಣ ಹೂಡಿದವನು ಮುದಲಿಯಾರ; ಆ ಹಣವನ್ನು ವರ್ಷವರ್ಷವೂ ತುಂಬಿಕೊಟ್ಟವರು ಜಹಗೀರು ಗ್ರಾಮಗಳ ರೈತರು. ಬಿರುದಿನಲ್ಲಿರುವ ‘ಜನ’ರು ಉಪಕಾರ ಪಡೆದವರಷ್ಟೇ ಅಲ್ಲ, ಅದರ ಬೆಲೆ ತೆತ್ತವರೂ ಹೌದು. ಅವರ ಹೆಸರು ಸೇತುವೆಯ ಯಾವ ಕಲ್ಲಿನ ಮೇಲೂ ಇಲ್ಲ.

ಕಟ್ಟುಗೊಡಗೆಯ ಪರಂಪರೆಗೂ ಇದಕ್ಕೂ ಹೋಲಿಕೆಯಿರುವಂತೆ ವ್ಯತ್ಯಾಸವೂ ಇದೆ. ಕೆರೆಯ ಕೆಳಗಿನ ಭೂಮಿಯನ್ನು ಕೊಡಗೆಯಾಗಿ ಪಡೆದವನಿಗೆ ಕೆರೆ ಒಡೆದರೆ ತನ್ನ ಗದ್ದೆಯೂ ಒಣಗುವ ಭಯವಿತ್ತು. ಹಾಗಾಗಿ ದುರಸ್ತಿಯ ಹೊಣೆ ಅವನ ಸ್ವಹಿತದಲ್ಲೇ ಅಡಕವಾಗಿತ್ತು. ಸೇತುವೆ ಬಿದ್ದರೆ ಜಹಗೀರು ಗ್ರಾಮಗಳ ಬೆಳೆ ಒಣಗುವುದಿಲ್ಲ. ಭೂಮಿಯ ಫಲ ಮತ್ತು ಕಟ್ಟಡದ ರಕ್ಷಣೆ ಇವುಗಳ ನಡುವಣ ಸಹಜ ಕೊಂಡಿ ಇಲ್ಲಿ ಸಡಿಲವಾಗಿದೆ. ಮುಂದೆ ಮದರಾಸಿನಲ್ಲಿ 1948ರ, ಮೈಸೂರಿನಲ್ಲಿ 1954ರ ಶಾಸನಗಳು ಎಸ್ಟೇಟು, ಇನಾಮುಗಳ ವ್ಯವಸ್ಥೆಯನ್ನು ಕೊನೆಗಾಣಿಸಿದವು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ, ಎರಡೂ ದಡಗಳು ಒಂದೇ ಆಡಳಿತಕ್ಕೆ ಒಳಪಟ್ಟವು. ಜನರ ನಾಲಗೆಯಲ್ಲಿ ‘ವೆಲ್ಲೆಸ್ಲಿ’ ‘ವೆಸ್ಲಿ’ಯಾಗಿ ಉಳಿಯಿತು. 2018ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಆ ಸೇತುವೆಯ ಒಂದು ಭಾಗ ಕೊಚ್ಚಿಹೋದಾಗ ಅದರ ರಕ್ಷಣೆ ಯಾರ ಹೊಣೆ ಎಂಬ ಹಳೆಯ ಪ್ರಶ್ನೆಗೆ ಮತ್ತೆ ಜೀವ ಬಂದಿತು.

4. ಶರಾವತಿ: ಭೂಮಿ ಕಳೆದುಕೊಂಡವರಿಗೆ ಸೇತುವೆ

ಶಿವನಸಮುದ್ರದ ಸೇತುವೆಗಳ ಕಾಲದಲ್ಲಿ ಭಾರತಕ್ಕೆಲ್ಲ ಅನ್ವಯಿಸುವ ಭೂಸ್ವಾಧೀನ ಕಾಯಿದೆ ಇರಲಿಲ್ಲ. ಅಂತಹ ಮೊದಲ ಕಾಯಿದೆ ಬಂದದ್ದು 1857ರಲ್ಲಿ. 1894ರ ಭೂಸ್ವಾಧೀನ ಕಾಯಿದೆಯು ‘ಸಾರ್ವಜನಿಕ ಉದ್ದೇಶ’ ಎಂಬ ಪರಿಕಲ್ಪನೆಯನ್ನು ಗಟ್ಟಿಗೊಳಿಸಿತು. ಮೈಸೂರು ಸಂಸ್ಥಾನವೂ ಅದೇ ವರ್ಷ ತನ್ನದೇ ಕಾಯಿದೆಯನ್ನು ಮಾಡಿಕೊಂಡಿತು. ಇದರಿಂದ ಭೂಮಿಯ ಚಲನೆಯ ದಿಕ್ಕೇ ಬದಲಾಯಿತು. ಹಿಂದೆ ಲೋಕೋಪಯೋಗಿ ಕೆಲಸ ಮಾಡಿದವನಿಗೆ ಪ್ರಭುತ್ವ ಭೂಮಿ ಕೊಡುತ್ತಿದ್ದರೆ, ಈಗ ಲೋಕೋಪಯೋಗಿ ಕೆಲಸಕ್ಕಾಗಿ ಪ್ರಭುತ್ವವೇ ಪ್ರಜೆಯಿಂದ ಭೂಮಿ ಪಡೆಯುವಂತಾಯಿತು.

ಈ ಬದಲಾವಣೆಯ ಪೂರ್ಣ ಪರಿಣಾಮ ಶರಾವತಿ ಕಣಿವೆಯಲ್ಲಿ ಕಾಣುತ್ತದೆ. 1948ರಲ್ಲಿ ಜೋಗದ ವಿದ್ಯುತ್ ಕೇಂದ್ರ ಕಾರ್ಯಾರಂಭ ಮಾಡಿದಾಗ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ನೀರನ್ನು ಒದಗಿಸಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಆ ಹಳೆಯ ಅಣೆಕಟ್ಟನ್ನೂ ನೀರಿನಡಿಗೆ ಸೇರಿಸಿತು. ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಮುಳುಗಿದವು. ಮುಳುಗದೆ ಉಳಿದ ತುಮರಿ ಸುತ್ತಲಿನ ಕರೂರು–ಬಾರಂಗಿ ಪ್ರದೇಶವು ತನ್ನ ತಾಲ್ಲೂಕು ಕೇಂದ್ರವಾದ ಸಾಗರದಿಂದ ಹಿನ್ನೀರಿನಾಚೆಗೆ ಉಳಿಯಿತು. ‘ಸೇತು’ವಿನ ಒಂದು ಅರ್ಥವಾದ ಒಡ್ಡು, ಅದರ ಇನ್ನೊಂದು ಅರ್ಥವಾದ ದಾಟುದಾರಿಯ ಅಗತ್ಯವನ್ನು ಹೀಗೆ ಸೃಷ್ಟಿಸಿತು.

ಪರಿಹಾರದ ಪ್ರಶ್ನೆಯನ್ನು ಅಂದಿನ ಭೂಸಂಬಂಧಗಳ ಹಿನ್ನೆಲೆಯಲ್ಲಿ ನೋಡಬೇಕು. ಸಾಗರ ತಾಲ್ಲೂಕು 1951ರ ಕಾಗೋಡು ಸತ್ಯಾಗ್ರಹದ ನೆಲ. ಉಳುವವರಲ್ಲಿ ಬಹಳಷ್ಟು ಮಂದಿ ಗೇಣಿದಾರರು. ಗೇಣಿದಾರರಿಗೆ ಒಡೆತನ ನೀಡಿದ ಭೂಸುಧಾರಣೆಯ ತಿದ್ದುಪಡಿ ಬಂದದ್ದು 1974ರಲ್ಲಿ, ಅಂದರೆ ಅಣೆಕಟ್ಟು ಮುಗಿದ ಹತ್ತು ವರ್ಷಗಳ ನಂತರ. ಭೂಸ್ವಾಧೀನದ ಕಾಯಿದೆ ನಂಬುವುದು ದಾಖಲೆಯನ್ನು. ಬಾಯಿಮಾತಿನ ಗೇಣಿಯ ಮೇಲೆ ತಲೆಮಾರುಗಳಿಂದ ಉತ್ತವನಿಗೆ ತೋರಿಸಲು ಕಾಗದವಿರಲಿಲ್ಲ. ಸೊಪ್ಪಿನಬೆಟ್ಟ, ಗೋಮಾಳ, ಹಳ್ಳದ ನೀರು ಮುಂತಾದ ಸಮುದಾಯದ ಆಸರೆಗಳಿಗೆ ಬೆಲೆ ಕಟ್ಟುವ ಕ್ರಮವೂ ಆ ಕಾಯಿದೆಯಲ್ಲಿರಲಿಲ್ಲ. ಸಂತ್ರಸ್ತರ ಪುನರ್ವಸತಿಗೆಂದು ಅರಣ್ಯಭೂಮಿಯನ್ನು ಬಿಡುಗಡೆ ಮಾಡಿದ್ದ ರಾಜ್ಯದ ಅಧಿಸೂಚನೆಗಳನ್ನು, ಕೇಂದ್ರದ ಪೂರ್ವಾನುಮತಿಯಿಲ್ಲವೆಂಬ ಕಾರಣಕ್ಕೆ, 2021ರಲ್ಲಿ ಉಚ್ಚ ನ್ಯಾಯಾಲಯ ರದ್ದುಪಡಿಸಿತು. 1964ರಲ್ಲಿ ಮುಗಿದ ಸ್ವಾಧೀನದ ಲೆಕ್ಕ ಅರ್ಧ ಶತಮಾನ ಕಳೆದರೂ ಚುಕ್ತಾ ಆಗಿರಲಿಲ್ಲ ಎಂಬುದನ್ನು ಇದು ತೋರಿಸುತ್ತದೆ.

ದಶಕಗಳ ಕಾಲ ಹೊಳೆಬಾಗಿಲಿನ ಲಾಂಚೇ ದ್ವೀಪವಾಸಿಗಳ ಸೇತುವೆಯಾಗಿತ್ತು. ಸಂಜೆಗೆ ಲಾಂಚ್ ನಿಂತರೆ ಹೆರಿಗೆಗೂ ಹಾವುಕಡಿತಕ್ಕೂ ದೂರದ ಸುತ್ತುದಾರಿಯೇ ಗತಿ. ಸೇತುವೆಯ ಬೇಡಿಕೆ ಹಳೆಯದಾದರೂ ಹಣ ಒದಗಿದ್ದು ಆ ಮಾರ್ಗ ರಾಷ್ಟ್ರೀಯ ಹೆದ್ದಾರಿಯ ಭಾಗವಾದಾಗ. ಕೇಂದ್ರ ಸರ್ಕಾರದ ಅನುದಾನದಲ್ಲಿ 2018ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾಗಿ, ಸುಮಾರು 470 ಕೋಟಿ ರೂಪಾಯಿ ವೆಚ್ಚದ, ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಅಣೆಕಟ್ಟಿಗೂ ಸೇತುವೆಗೂ ನಡುವೆ 61 ವರ್ಷಗಳ ಅಂತರ. ಸಿಗಂದೂರು ಚೌಡೇಶ್ವರಿಯ ಕ್ಷೇತ್ರಕ್ಕೆ ಬರುವ ಭಕ್ತರ ಸಂಖ್ಯೆ ಹೆಚ್ಚಿದ್ದೂ ಬೇಡಿಕೆಗೆ ಬಲ ತಂದಿತು. ಕೆಲವು ಸಾವಿರ ದ್ವೀಪವಾಸಿಗಳ ಕಷ್ಟಕ್ಕಿಂತ ಯಾತ್ರೆ ಮತ್ತು ಹೆದ್ದಾರಿಗಳ ಭಾಷೆ ಅಂದಾಜುಪಟ್ಟಿಯಲ್ಲಿ ಹೆಚ್ಚು ತೂಗುತ್ತದೆ ಎಂಬುದು ವಿಷಾದದ ಸಂಗತಿ.

5. ಸಾಹಿತ್ಯದ ಸಾಕ್ಷ್ಯ

ಶಿವನಸಮುದ್ರದ ಜಹಗೀರು ಗ್ರಾಮಗಳ ರೈತರಿಗೆ ಇಲ್ಲದಿದ್ದ ಒಂದು ಆಸರೆ ಶರಾವತಿಯ ಸಂತ್ರಸ್ತರಿಗೆ ದೊರೆಯಿತು. ಅದು ಕನ್ನಡ ಕಥನಸಾಹಿತ್ಯ. ಶರಾವತಿ ಯೋಜನೆಯ ಸಂದರ್ಭದಲ್ಲಿ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ನೀರು ಏರುವಾಗಿನ ಮನೆಗಳ ಒಳಗನ್ನು ದಾಖಲಿಸಿದರು. ಗಿರೀಶ ಕಾಸರವಳ್ಳಿಯವರು 2002ರಲ್ಲಿ ‘ದ್ವೀಪ’ವನ್ನು ಚಲನಚಿತ್ರವಾಗಿಸಿದರು. ಸ್ವಾಧೀನದ ಕಡತದಲ್ಲಿ ಸರ್ವೆ ನಂಬರು, ವಿಸ್ತೀರ್ಣ, ದರ ಇವು ಸಿಗುತ್ತವೆ. ಪರಿಹಾರದ ಹಣ ಕೈಗೆ ಬಂದ ಮೇಲೂ ಮನೆ ಬಿಡಲಾರದ ಮನಸ್ಸು ಅಲ್ಲಿ ಸಿಗುವುದಿಲ್ಲ. ಆ ಕಾರಣದಿಂದ ಈ ಕೃತಿಗಳನ್ನು ಭೂಸ್ವಾಧೀನ ಚರಿತ್ರೆಯ ಪೂರಕ ಆಕರಗಳೆಂದು ಪರಿಗಣಿಸುವುದು ಯುಕ್ತ. ಡಿಸೋಜ ಅವರು ತೀರಿಕೊಂಡದ್ದು 2025ರ ಜನವರಿ 5ರಂದು. ಸೇತುವೆ ತೆರೆದದ್ದು ಅದೇ ವರ್ಷದ ಜುಲೈನಲ್ಲಿ.

ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಶಿವನಸಮುದ್ರದಲ್ಲಿ ಸೇತುವೆ ಭೂಮಿಯನ್ನು ತಂದುಕೊಟ್ಟಿತು. ಶರಾವತಿಯಲ್ಲಿ ಭೂಮಿಯ ನಷ್ಟವೇ ಸೇತುವೆಯನ್ನು ಅನಿವಾರ್ಯವಾಗಿಸಿತು. ಎರಡನೆಯದಾಗಿ, ಎರಡೂ ಕಡೆ ಕೊನೆಯ ಬೆಲೆ ತೆತ್ತವರು ನೆಲದ ಮೇಲೆ ದುಡಿದವರು. ಮೊದಲನೆಯ ಕಡೆ ಕಂದಾಯದ ರೂಪದಲ್ಲಿ, ಎರಡನೆಯ ಕಡೆ ಊರು ತೊರೆಯುವ ರೂಪದಲ್ಲಿ. ಮೂರನೆಯದಾಗಿ, 2014ರಿಂದ ಜಾರಿಯಲ್ಲಿರುವ ಹೊಸ ಭೂಸ್ವಾಧೀನ ಕಾಯಿದೆಯು ಒಡೆತನವಿಲ್ಲದ ಅವಲಂಬಿತರನ್ನೂ ಬಾಧಿತರೆಂದು ಗುರುತಿಸಿದೆ. ಆದರೆ ಅದಕ್ಕೂ ಅರ್ಧ ಶತಮಾನ ಮೊದಲು ನೆಲ ಬಿಟ್ಟು ಹೊರಟವರಿಗೆ ಅದರ ಪ್ರಯೋಜನ ತಲುಪುವುದಿಲ್ಲ. ಸೇತುವೆಗಳ ಚರಿತ್ರೆಯನ್ನು ಬರೆಯುವವರು ಕಟ್ಟಿಸಿದವರ ಬಿರುದಿನ ಜೊತೆಗೆ ಜಹಗೀರು ಗ್ರಾಮಗಳ ಕಂದಾಯ ಪತ್ರಗಳನ್ನೂ ಮುಳುಗಡೆ ಹಳ್ಳಿಗಳ ಮೌಖಿಕ ಕಥನಗಳನ್ನೂ ಸಂಗ್ರಹಿಸಬೇಕಾಗಿದೆ. ಶರಾವತಿಯ ಮಟ್ಟಿಗೆ ಈ ಕೆಲಸ ತುರ್ತಿನದು. 1964ರಲ್ಲಿ ಪ್ರಾಪ್ತವಯಸ್ಕರಾಗಿದ್ದವರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ನೀರಿನಡಿಯ ಊರುಗಳ ಹೊಲಗದ್ದೆಗಳ ಹೆಸರುಗಳನ್ನು ಬಲ್ಲವರು ಅವರೊಬ್ಬರೇ.