ಗುಲ್ಮ ದೊಡ್ಡದಾಗಿದ್ದರೆ ಮಲೇರಿಯಾವೊಂದನ್ನೇ ಶಂಕಿಸಿದರೆ ಸಾಲದು
(ಕ್ಷೇತ್ರ ಮಟ್ಟದ ಆರೋಗ್ಯ ಸಿಬ್ಬಂದಿಯ ಅಧ್ಯಯನಕ್ಕಾಗಿ)

ಎಡ ಪಕ್ಕೆಲುಬುಗಳ ಮರೆಯಲ್ಲಿರುವ ಗುಲ್ಮವು ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ. ಎರಡು ಮೂರು ಪಟ್ಟು ಬೆಳೆದ ಮೇಲೆಯೇ ಅದರ ಅಂಚು ಬೆರಳಿಗೆ ತಾಕುತ್ತದೆ. ಮಲೇರಿಯಾ ವ್ಯಾಪಕವಾಗಿದ್ದ ಕಾಲದಲ್ಲಿ ಇದನ್ನು ಜ್ವರಗಡ್ಡೆ ಎನ್ನುತ್ತಿದ್ದರು. 2ರಿಂದ 9 ವರ್ಷದ ಮಕ್ಕಳಲ್ಲಿ ಎಷ್ಟು ಮಂದಿಗೆ ಗುಲ್ಮ ಬೆಳೆದಿದೆ ಎಂಬ ಎಣಿಕೆಯೇ ಊರಿನ ಮಲೇರಿಯಾದ ಅಳತೆಗೋಲಾಗಿತ್ತು. ಆ ರೂಢಿಯಿಂದಲೋ ಏನೋ, ರಕ್ತಲೇಪನದಲ್ಲಿ ಮಲೇರಿಯಾ ಕಾಣದಿದ್ದರೆ ವಿಚಾರಣೆಯನ್ನು ಅಲ್ಲಿಗೇ ಕೈಬಿಡುವುದುಂಟು. ಅಪಾಯವಿರುವುದು ಇಲ್ಲಿಯೇ.

ಕರುಳು ಮತ್ತು ಗುಲ್ಮಗಳ ರಕ್ತವು ಪೋರ್ಟಲ್ ಅಭಿಧಮನಿಯ ಮೂಲಕ ಯಕೃತ್ತನ್ನು ಸೇರುತ್ತದೆ. ಈ ದಾರಿಯಲ್ಲಿ ತಡೆಯುಂಟಾದರೆ, ಕಾಲುವೆಗೆ ಅಡ್ಡಗಟ್ಟಿದಂತೆ, ಹಿಂದಿನ ಒತ್ತಡ ಏರುತ್ತದೆ. ಗುಲ್ಮ ಊದುತ್ತದೆ, ರಕ್ತವು ಬೇರೆ ದಾರಿ ಹಿಡಿದು ಅನ್ನನಾಳದ ತೆಳು ಅಭಿಧಮನಿಗಳನ್ನು ಉಬ್ಬಿಸುತ್ತದೆ. ಅವು ಒಡೆದರೆ ರಕ್ತವಾಂತಿ.

ತಡೆಯ ಕಾರಣ ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ಈಜಿಪ್ಟ್, ಸುಡಾನ್‌ಗಳಲ್ಲಿ ಶಿಸ್ಟೊಸೋಮ ಹುಳುವಿನ ಮೊಟ್ಟೆಗಳು ಯಕೃತ್ತಿನ ಪೋರ್ಟಲ್ ಕವಲುಗಳಲ್ಲಿ ಸಿಲುಕಿ ನಾರುಗಟ್ಟಿಸುತ್ತವೆ. ಮದ್ಯಪಾನ ಹಾಗೂ ಹೆಪಟೈಟಿಸ್ ಬಿ, ಸಿ ಸೋಂಕುಗಳಿಂದ ಬರುವ ಸಿರೋಸಿಸ್ ಎಲ್ಲೆಡೆಯೂ ಇದೆ. ಬಿಹಾರ, ಜಾರ್ಖಂಡ್‌ಗಳ ಕಾಲಾ ಅಜಾರ್ ಗುಲ್ಮವನ್ನು ಬಹಳವಾಗಿ ಬೆಳೆಸುತ್ತದೆ; ಅಲ್ಲಿಂದ ಬಂದ ಕಾರ್ಮಿಕರಲ್ಲಿ ದೀರ್ಘಕಾಲದ ಜ್ವರವಿದ್ದರೆ ಇದನ್ನು ಮರೆಯಬಾರದು.

ಭಾರತದಲ್ಲಿ ಇನ್ನೆರಡು ಸ್ಥಿತಿಗಳು ಮುಖ್ಯ. ಒಂದು, ಯಕೃತ್ತಿನೊಳಗಿನ ಸಣ್ಣ ಪೋರ್ಟಲ್ ಕವಲುಗಳು ಕಿರಿದಾಗುವುದು; ಇದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 1969ರ ಕಾರ್ಯಾಗಾರದಲ್ಲಿ ‘ಸಿರೋಸಿಸ್ ಅಲ್ಲದ ಪೋರ್ಟಲ್ ನಾರುಗಟ್ಟುವಿಕೆ’ ಎಂಬರ್ಥದ ಹೆಸರು ದೊರೆಯಿತು. ಇದು ಹೆಚ್ಚಾಗಿ ಯುವ ವಯಸ್ಕರದು. ಇನ್ನೊಂದು, ಯಕೃತ್ತಿಗೆ ಮೊದಲೇ ಪೋರ್ಟಲ್ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು. ಇದು ಹೆಚ್ಚಾಗಿ ಮಕ್ಕಳದು. ನವಜಾತ ಶಿಶುವಿನ ಹೊಕ್ಕುಳಿನ ಸೋಂಕು ಇದರ ಒಂದು ಕಾರಣ. ಹೊಕ್ಕುಳಿಗೆ ಬೂದಿ, ಸಗಣಿ ಹಚ್ಚಬಾರದೆಂದು ಬಾಣಂತಿಯರ ಮನೆಯಲ್ಲಿ ನಾವು ಹೇಳುವ ಮಾತಿಗೆ ಈ ಅರ್ಥವೂ ಉಂಟು.

ಈ ಎರಡರಲ್ಲೂ ಯಕೃತ್ತಿನ ಕಾರ್ಯ ಬಹುಮಟ್ಟಿಗೆ ಚೆನ್ನಾಗಿರುತ್ತದೆ. ಕಾಮಾಲೆಯಿಲ್ಲ, ಮಗು ಶಾಲೆಗೆ ಹೋಗುತ್ತಿದೆ; ಹೊಟ್ಟೆಯ ಎಡಭಾಗ ಮಾತ್ರ ಭಾರ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ ಕಂಡರೆ ಡೆಂಗಿ ಎಂದು ಭಾವಿಸುವುದು ಸಹಜ. ಆದರೆ ಊದಿದ ಗುಲ್ಮವೂ ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಇಂತಹ ಮಗುವಿಗೆ ಜ್ವರಕ್ಕೆಂದು ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆ ಕೊಟ್ಟರೆ ರಕ್ತಸ್ರಾವವಾಗಬಹುದು.

ಪರೀಕ್ಷಿಸುವಾಗ ಕೈಯನ್ನು ಹೊಟ್ಟೆಯ ಬಲ ಕೆಳಭಾಗದಿಂದ ಎಡ ಪಕ್ಕೆಯ ಕಡೆಗೆ ಮೃದುವಾಗಿ ಒಯ್ಯಬೇಕು. ಪಕ್ಕೆಯ ಬಳಿಯೇ ಆರಂಭಿಸಿದರೆ, ಬಹಳ ಬೆಳೆದ ಗುಲ್ಮದ ಅಂಚು ಕೈಗೆ ಸಿಗದೆ ತಪ್ಪಿಹೋಗುತ್ತದೆ. ಗುಲ್ಮ ಕೈಗೆ ಸಿಕ್ಕಿದಲ್ಲಿ, ಮಲೇರಿಯಾ ಪರೀಕ್ಷೆಯ ಫಲಿತಾಂಶ ಏನೇ ಇರಲಿ, ಕಪ್ಪು ಮಲ ಅಥವಾ ರಕ್ತವಾಂತಿ ಆಗಿತ್ತೇ ಎಂದು ವಿಚಾರಿಸಿ, ಅಲ್ಟ್ರಾಸೌಂಡ್ ಮತ್ತು ಎಂಡೋಸ್ಕೋಪಿ ಸೌಲಭ್ಯವುಳ್ಳ ಆಸ್ಪತ್ರೆಗೆ ಕಳುಹಿಸತಕ್ಕದ್ದು. ಅನ್ನನಾಳದ ಉಬ್ಬಿದ ಅಭಿಧಮನಿಗಳಿಗೆ ಎಂಡೋಸ್ಕೋಪಿಯ ಮೂಲಕ ಪಟ್ಟಿ ಬಿಗಿದು ರಕ್ತಸ್ರಾವವನ್ನು ತಡೆಯಬಹುದಾಗಿದೆ. ರಕ್ತವಾಂತಿ ಆಗುತ್ತಿದ್ದರೆ ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ಕೊಡದೆ, ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು.