ಕಪ್ಪಾದ ಬೆಳ್ಳಿಗೆ ಹುಣಸೆಹಣ್ಣು ಬೇಡ

ಪ್ರಶ್ನೆ: ತವರಿನ ಅಟ್ಟದಲ್ಲಿದ್ದ ಇಂಗ್ಲಿಷರ ಕಾಲದ ಬೆಳ್ಳಿಯ ಕಾಫಿ ಜಗ್ ಪಾಲಿನಲ್ಲಿ ನನಗೆ ಬಂದಿದೆ. ಪೂರ್ತಿ ಕಪ್ಪಾಗಿದೆ, ಹೊಟ್ಟೆಗೆ ತಗ್ಗು ಬಿದ್ದಿದೆ, ಮುಚ್ಚಳ ಅಲುಗಾಡುತ್ತದೆ. ತಳದಲ್ಲಿ ಸಿಂಹ, ಲಂಗರು, ಒಂದು ಇಂಗ್ಲಿಷ್ ಅಕ್ಷರದ ಮುದ್ರೆಗಳಿವೆ. ತಗ್ಗು ತೆಗೆದು ಹೊಸದು ಮಾಡಿಕೊಡುತ್ತೇನೆ ಅನ್ನುತ್ತಾರೆ ಪತ್ತಾರರು. ಕರಗಿಸಿ ಮಗಳಿಗೆ ಕಾಲ್ಗೆಜ್ಜೆ ಮಾಡಿಸು ಅನ್ನುತ್ತಾರೆ ಅತ್ತೆ. ಏನು ಮಾಡಲಿ?
– ಒಬ್ಬ ಓದುಗರು, ಗುತ್ತಲ

ಉತ್ತರ: ಪತ್ತಾರರ ಕೈಗೆ ಆಗಲೇ ಕೊಟ್ಟಿದ್ದರೆ ಇವತ್ತೇ ವಾಪಸ್ ತನ್ನಿ. ಕಪ್ಪು ಬಂದದ್ದು ಕೆಟ್ಟ ಲಕ್ಷಣವಲ್ಲ, ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ಹತ್ತಿದ್ದು ಅಷ್ಟೆ. ಪಾತ್ರೆ ಕೆಡುವುದು ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ ಹಾಕಿ ತಿಕ್ಕಿದಾಗ. ತಿಕ್ಕಿದಷ್ಟೂ ಮುದ್ರೆ ಸವೆಯುತ್ತದೆ, ಮುದ್ರೆ ಹೋದರೆ ಬೆಲೆಯೂ ಹೋಯಿತು.

ಸಿಂಹ ಮುಂಗಾಲೆತ್ತಿ ನಡೆಯುವಂತಿದ್ದರೆ 1000ಕ್ಕೆ 925 ಭಾಗ ಬೆಳ್ಳಿ. ಲಂಗರು ಬರ್ಮಿಂಗ್‌ಹ್ಯಾಮಿನ ಗುರುತು. ಸಮುದ್ರವೇ ಇಲ್ಲದ ಆ ಊರಿನ ಪರೀಕ್ಷಾ ಕಚೇರಿ 1773ರಿಂದಲೂ ಅದನ್ನೇ ಒತ್ತುತ್ತಿದೆ. ಅಕ್ಷರ ವರ್ಷವನ್ನು ಹೇಳುತ್ತದೆ. ಅದೇ ಅಕ್ಷರ ಕೆಲವು ವರ್ಷಕ್ಕೊಮ್ಮೆ ಮತ್ತೆ ಬರುವುದರಿಂದ ಅದರ ಬರಹದ ರೂಪು, ಸುತ್ತಲಿನ ಚೌಕಟ್ಟು ಎರಡನ್ನೂ ಹೋಲಿಸಬೇಕು. 1784ರಿಂದ 1890ರವರೆಗೆ ಸುಂಕ ಕಟ್ಟಿದ ಗುರುತಿಗೆ ರಾಜನ ಅಥವಾ ರಾಣಿಯ ತಲೆಯನ್ನೂ ಒತ್ತುತ್ತಿದ್ದರು. ನಿಮ್ಮದರಲ್ಲಿ ತಲೆ ಇಲ್ಲದಿದ್ದರೆ ಬಹುಶಃ 1890ರ ನಂತರದ್ದು. ಮುಚ್ಚಳದಲ್ಲೂ ಸಿಂಹವನ್ನು ಹುಡುಕಿ; ಸಿಗದಿದ್ದರೆ ಮುಚ್ಚಳ ಬೇರೆ ಪಾತ್ರೆಯದಿರಬಹುದು. (ಇದನ್ನೋದಿ ಅಟ್ಟ ಹತ್ತುವ ಉಳಿದವರಿಗೂ ಒಂದು ಮಾತು: ಇ.ಪಿ.ಎನ್.ಎಸ್. ಎಂದಿದ್ದರೆ ಅದು ಬೆಳ್ಳಿ ನೀರು ಕುಡಿಸಿದ ಬೇರೆ ಲೋಹ.)

ಹೊಟ್ಟೆಯ ಮೇಲೆ ಬಾಯುಸಿರು ಬಿಟ್ಟು ನೋಡಿ. ಹಬೆ ಕೂತಾಗ ಹಳೆಯ ಬೆಸುಗೆ, ಕೆತ್ತಿದ ಹೆಸರು ಅಳಿಸಿದ ಜಾಗ ಬೇರೆಯಾಗಿ ಕಾಣುತ್ತವೆ. ಅಳಿಸಿದಲ್ಲಿ ತಗಡು ತೆಳ್ಳಗಿರುತ್ತದೆ. ತಗ್ಗಿಗೆ ಸುತ್ತಿಗೆ ಬಿದ್ದರೆ ಅಂಥ ಕಡೆ ಸೀಳುತ್ತದೆ, ಆದ್ದರಿಂದ ತಗ್ಗು ಇರಲಿ ಬಿಡಿ. ಬಿಜಾಗ್ರಿಯ ಕಡ್ಡಿ ಸವೆದಿದ್ದರೆ ಕಡ್ಡಿಯನ್ನಷ್ಟೇ ಬದಲಿಸಬಹುದು, ಸೀಸದ ಬೆಸುಗೆ ಮಾತ್ರ ಬೇಡವೇ ಬೇಡ. ಸಾಬೂನು ನೀರಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯಿಂದ ಒರೆಸಿ, ಒಣಗಿಸಿ. ಹಿಡಿಕೆ ಕಟ್ಟಿಗೆಯದಾದರೆ ನೆನೆಹಾಕಬೇಡಿ. ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್ ಸುತ್ತಿಟ್ಟರೆ ಮತ್ತೆ ಬೇಗ ಕಪ್ಪಾಗುತ್ತದೆ.

ಹಿಡಿಕೆ ಕೂಡುವಲ್ಲಿ ಬಿಳಿ ಬಿಲ್ಲೆಗಳಿದ್ದರೆ ದಂತವಿರಬಹುದು. ಮಾರುವ ಮುಂಚೆ ವಕೀಲರನ್ನು ಕೇಳಿ. ನೂರು ವರ್ಷ ದಾಟಿದ್ದನ್ನು ಹೊರದೇಶಕ್ಕೆ ಕಳಿಸಲು 1972ರ ಪುರಾತನ ವಸ್ತುಗಳ ಕಾಯ್ದೆ ಬಿಡುವುದಿಲ್ಲ.

ಇನ್ನು ಅತ್ತೆಯವರು. ಮೊಮ್ಮಗಳ ಕಾಲಲ್ಲಿ ಕಾಣದ ಬೆಳ್ಳಿ ಅವರ ಲೆಕ್ಕಕ್ಕೆ ಬೆಳ್ಳಿಯೇ ಅಲ್ಲ, ಅದರಲ್ಲಿ ತಪ್ಪೂ ಇಲ್ಲ. ಕರಗಿಸಿದರೆ ತೂಕದ ರೊಕ್ಕವಷ್ಟೇ ಕೈಗೆ ಬರುತ್ತದೆ, ಗೆಜ್ಜೆಯ ಮಜೂರಿ ಮತ್ತೆ ಬೇರೆ. ಈ ಲೆಕ್ಕವನ್ನು ಅವರ ಮುಂದೆಯೇ ಹಾಕಿ. ಗೆಜ್ಜೆಗೆ ಹೊಸ ಬೆಳ್ಳಿ ಕೊಳ್ಳಲು ರಾಣೆಬೆನ್ನೂರಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಆರಿಸುವ ಕೆಲಸ ಅವರಿಗೇ ಇರಲಿ.